ಬರಿಗೈಯಲ್ಲಿ ಓಡಿದ್ದು

ಅವರು ಬರುವ ಮೊದಲು ಅವರ ಬಲ ಮೊಣಕಾಲಿನ ಸದ್ದು ಬರುತ್ತಿತ್ತು. ಒಣ ಕೊಬ್ಬರಿ ಮುರಿದ ಹಾಗೆ, 'ಟಕ್'. ಕೊಲ್ಲಿ ದೇಶದ ಸಲ್ಮಾಬಾದಿನಲ್ಲಿದ್ದ ನಮ್ಮ ವರ್ಕ್‌ಶಾಪಿನ ಗ್ರೈಂಡರುಗಳ ಗಲಾಟೆಯಲ್ಲೂ ನನಗದು ಕೇಳುತ್ತಿತ್ತು. ಕೆಟ್ಟ ಸುದ್ದಿಗೆ ಸದಾ ಕಿವಿ ತೆರೆದು ಕೂತವನಿಗೆ ಕೇಳದೇ ಇರುತ್ತದೆಯೇ? ನಾನು ಅಲ್ಲಿ ಸ್ಟೋರಿನ ಕೆಲಸದಲ್ಲಿದ್ದೆ. ಅವರು ನಮ್ಮ ಫೋರ್‌ಮನ್, ಅಮೆರಿಕದವರು. ಆ ಮೊಣಕಾಲನ್ನು ಕಾಲೇಜು ದಿನಗಳಲ್ಲಿ ಫುಟ್‌ಬಾಲಿಗೆ ಕೊಟ್ಟು ಬಂದಿದ್ದರಂತೆ.

ನಮ್ಮ ಫುಟ್‌ಬಾಲ್ ಅಲ್ಲ. ಸುಲಿದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಗೋಡೆಯಂತೆ ನಿಂತ ಜನರ ಮೇಲೆ ನುಗ್ಗುವ ಅವರ ದೇಶದ ಆಟ. ಹಾಗೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಶುಕ್ರವಾರ ಮಧ್ಯಾಹ್ನ ಈಸಾ ಟೌನಿನ ತಮ್ಮ ಮನೆಗೆ ನನ್ನನ್ನು ಕರೆದು, ಊರಿಂದ ತಂಗಿ ಕಳಿಸಿದ ವಿಡಿಯೋ ಕ್ಯಾಸೆಟ್ ಹಾಕಿ, ಕೈಗೆ ಕೇಕ್ ಕೊಟ್ಟು ಕೂರಿಸುತ್ತಿದ್ದರು.

ಕೇಕ್ ತಿನ್ನುತ್ತಲೇ ನನಗೆ ಅನುಮಾನ. ಇಷ್ಟು ಜನ ಇರುವಾಗ ನನ್ನನ್ನೇ ಯಾಕೆ? ನನ್ನ ಕೋಣೆಯಲ್ಲಿದ್ದ ಕುಂದಾಪುರದ ವೆಲ್ಡರ್ ಉರಿಯುವುದಕ್ಕೆ ಎಣ್ಣೆ ಹಾಕಿದ: "ಬಿಳಿಯ ಸುಮ್ಮನೆ ಕೇಕ್ ಕೊಡ್ತಾನಾ ಮಾರಾಯ? ನಿನ್ನ ಬಾಯಿ ಬಿಡಿಸ್ಲಿಕ್ಕೆ! ಎಂಥದ್ದಾದ್ರೂ ಹೇಳಿದ್ಯಾ?"

"ಸಕ್ಕರೆ ಸ್ವಲ್ಪ ಕಮ್ಮಿ ಅಂತ ಹೇಳಿದೆ."

"ಹಾಗಾದ್ರೆ ನಿನ್ನ ಕತೆ ಮುಗೀತು."

ಫೋರ್‌ಮನ್ ಮಾತ್ರ ಟಿವಿಗೆ ಬೆರಳು ಕುಟ್ಟಿ ಪಾಠ ಮಾಡುತ್ತಿದ್ದರು. "ಈ ರನ್ನಿಂಗ್ ಬ್ಯಾಕ್ ಮತ್ತೆ ಮತ್ತೆ ನುಗ್ಗಿ ಎರಡು ಹೆಜ್ಜೆ ಹೋಗಿ ಬೀಳ್ತಾನೆ. ದಡ್ಡ ಅನ್ನಿಸುತ್ತಲ್ಲ? ಆದರೆ ನೋಡು, ಇವನನ್ನು ಹಿಡಿಯಲು ಎದುರಿನವರೆಲ್ಲ ಮುಂದೆ ಬಂದರು. ಅವರ ಬೆನ್ನ ಹಿಂದೆ ಬಯಲು ಖಾಲಿ. ಈ ಸಲ ಇವನಿಗೆ ಚೆಂಡು ಕೊಟ್ಟ ಹಾಗೆ ಮಾಡ್ತಾರೆ, ಕೊಡೋದಿಲ್ಲ. ಇವನು ಬರಿಗೈಯಲ್ಲಿ ಓಡಿ ಪೆಟ್ಟು ತಿಂತಾನೆ; ಚೆಂಡು ಮೇಲಿಂದ ಹಾರಿ ಆ ಖಾಲಿ ಜಾಗಕ್ಕೆ ಹೋಗುತ್ತೆ."

ನನಗೆ ಪೆಟ್ಟು ತಿಂದವನದೇ ಚಿಂತೆ.

ಆ ಬೇಸಿಗೆಯಲ್ಲಿ ಕೆಲಸ ಕಡಿಮೆಯಾಗಿ, ಕೆಲವರನ್ನು ಊರಿಗೆ ಕಳಿಸುತ್ತಾರೆಂಬ ಗುಸುಗುಸು ಎದ್ದಿತು. ಅಂಥ ಹೊತ್ತಲ್ಲೇ ಫೋರ್‌ಮನ್, "ಮುದೀರ್ ಹತ್ತಿರ ಹೋಗಿ ನಿಮ್ಮ ಕ್ಯಾಂಪಿನ ಕೋಣೆಗಳಿಗೆಲ್ಲ ಹೊಸ ಎಸಿ ಕೇಳು," ಎಂದರು. ಮುದೀರ್ ಅಂದರೆ ನಮ್ಮ ಮ್ಯಾನೇಜರ್. ಕೇಳಿದೆ, ಬೈಸಿಕೊಂಡೆ. ಮರುದಿನ ಮತ್ತೆ 'ಟಕ್': "ಇನ್ನೊಮ್ಮೆ ಕೇಳು." ಮತ್ತೆ ಹೋದೆ.

"ಎಸಿ ಇಲ್ಲ! ಇನ್ನೊಮ್ಮೆ ಬಂದರೆ ನಿನ್ನನ್ನೇ ವಿಮಾನ ಹತ್ತಿಸ್ತೇನೆ!"

ನನಗೆ ಖಾತ್ರಿಯಾಯಿತು. ಕಳಿಸುವವರಲ್ಲಿ ನಾನೇ ಮೊದಲಿಗನಾಗಲಿ ಎಂದೇ ಇವರು ಹೀಗೆ ಓಡಿಸುತ್ತಿದ್ದಾರೆ. ಪೆಟ್ಟಿಗೆ ಕಟ್ಟಲು ಹಗ್ಗವನ್ನೂ ತಂದಿಟ್ಟೆ. ವೆಲ್ಡರ್ ಅದರ ಮೇಲೆ ಬನಿಯನ್ ಒಣಹಾಕಿದ.

ಕೊನೆಗೊಂದು ದಿನ ಫೋರ್‌ಮನ್ ತಾವೇ ಮುದೀರ್ ಕೋಣೆಗೆ ಹೋದರು, ನನ್ನನ್ನು ಮುಂದೆ ಬಿಟ್ಟುಕೊಂಡು. ನನ್ನ ಮುಖ ಕಂಡದ್ದೇ ಮುದೀರ್ ಕೈ ಎತ್ತಿದರು: "ಎಸಿ ಮಾತು ಬೇಡ!"

"ಆಯಿತು, ಎಸಿ ಬಿಟ್ಟೆ," ಎಂದರು ಫೋರ್‌ಮನ್, ಬಹಳ ನೊಂದವರಂತೆ. "ಹಳೆಯದರಲ್ಲೇ ಸುಧಾರಿಸ್ತಾರೆ. ಆದರೆ ಇವರಲ್ಲಿ ಒಬ್ಬರನ್ನೂ ಕಳಿಸಬೇಡಿ. ಹಡಗು ರಿಪೇರಿಯ ಕೆಲಸ ಬರುವಾಗ ಪಳಗಿದ ಕೈ ಎಲ್ಲಿಂದ ತರ್ತೀರಿ?"

ಎಸಿ ತಪ್ಪಿದ ಸಮಾಧಾನದಲ್ಲಿ ಮುದೀರ್ "ಇರಲಿ, ಖಲಾಸ್, ಮಾತು ಮುಗೀತು" ಎಂದುಬಿಟ್ಟರು.

ಹೊರಗೆ ಬಂದದ್ದೇ ಕೇಳಿದೆ: "ಮೊದಲೇ ಹೇಳಬಾರದಿತ್ತಾ ಸಾರ್?"

"ಚೆಂಡು ನಿನ್ನ ಹತ್ತಿರ ಇಲ್ಲ ಅಂತ ಗೊತ್ತಿದ್ದರೆ ನೀನು ಹಾಗೆ ಓಡ್ತಿದ್ದೆಯಾ? ನಿನ್ನಂಥ ಹೆದರಿದ ಮುಖ ಇಡೀ ಸಲ್ಮಾಬಾದಿನಲ್ಲಿ ಇನ್ನೊಂದಿಲ್ಲ."

ಅದು ಹೊಗಳಿಕೆಯೋ ಅಲ್ಲವೋ ನನಗಿನ್ನೂ ತೀರ್ಮಾನವಾಗಿಲ್ಲ.

ನಾವೆಲ್ಲ ಉಳಿದೆವು. ಅವರ ಕರಾರು ಮಾತ್ರ ಆ ಬೇಸಿಗೆಗೇ ಮುಗಿಯಿತು. ಮುದೀರ್ ಎದುರು ನಿಂತಾಗಲೂ ತಮಗಾಗಿ ಅವರು ಏನೂ ಕೇಳಿರಲಿಲ್ಲ. ಹೊರಡುವಾಗ ತಮ್ಮ ಹಳೆಯ ಚೆಂಡನ್ನು ನನ್ನ ಕಂಕುಳಿಗೆ ತುರುಕಿ, "ಈ ಸಲ ನಿಜವಾಗಿಯೂ ಕೊಟ್ಟಿದ್ದೇನೆ," ಎಂದರು. ಕಾರು ತಿರುವು ದಾಟಿದ್ದೇ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದೆ.

ವರ್ಷಗಳ ಮೇಲೆ ಊರಿನಲ್ಲಿ ನನಗೆ ಅವರು ತೀರಿಕೊಂಡ ಸುದ್ದಿ ಬಂದಾಗಲೂ ಮೊದಲು ಎದ್ದದ್ದು ಅನುಮಾನವೇ. ನಮ್ಮನ್ನೆಲ್ಲ ಈ ಕಡೆ ನೋಡುವಂತೆ ಮಾಡಿ, ಅವರು ಇನ್ನೆಲ್ಲಿಗೋ ಹೊರಟಿರಬೇಕು. ಸಂಜೆಯವರೆಗೂ ಹಾಗೇ ಅಂದುಕೊಂಡೆ. ಆಮೇಲೆ ಮೆತ್ತಗಾಗಿದ್ದ ಚೆಂಡನ್ನು ಸೈಕಲ್ ಅಂಗಡಿಗೆ ಒಯ್ದು ಗಾಳಿ ತುಂಬಿಸಿ, ಕಂಕುಳಲ್ಲಿ ಭದ್ರವಾಗಿ ಅವುಚಿಕೊಂಡು ಮನೆಗೆ ಬಂದೆ.