ಚಿಕ್ಕಮ್ಮ ಕಾದ ಆರು ತಿಂಗಳು

ಚಿಕ್ಕಮ್ಮನ ರೆಪ್ಪೆಗೂದಲು ಸದಾ ಬೆಳ್ಳಗಿರುತ್ತಿತ್ತು. ಬಸವಾಪಟ್ಟಣದಲ್ಲಿ ಅವಳ ಗಂಡನ ಮನೆಯವರದೊಂದು ಹಿಟ್ಟಿನ ಗಿರಣಿ. ಬೆಳಗಿನಿಂದ ಸಂಜೆಯವರೆಗೆ ರಾಗಿ, ಜೋಳ ಬೀಸುತ್ತ ನಿಲ್ಲುತ್ತಿದ್ದವಳು ಎಷ್ಟು ಮುಖ ತೊಳೆದರೂ ಹುಬ್ಬು, ರೆಪ್ಪೆಗಳಲ್ಲಿ ಹಿಟ್ಟು ಉಳಿದೇ ಇರುತ್ತಿತ್ತು. ಗಿರಣಿಯ ಸದ್ದಿನ ನಡುವೆ ಮಾತಾಡಿ ಮಾತಾಡಿ ದನಿ ದೊಡ್ಡದಾಗಿತ್ತು. ಬೇರೆಯವರು ಪಿಸುಗುಟ್ಟುವುದನ್ನೂ ಅವಳು ಕೂಗಿಯೇ ಹೇಳುತ್ತಿದ್ದಳು. ಅವಳ ಅಕ್ಕನಾದ ನನ್ನ ಅಮ್ಮನಿಗೆ ಇದರಿಂದ ಮುಜುಗರ. "ಸಣ್ಣಗೆ ಮಾತಾಡೇ, ಓಣಿಗೆಲ್ಲ ಕೇಳ್ತೈತೆ" ಎಂದು ಅಮ್ಮ ಗದರಿದರೆ, "ಕೇಳ್ಲಿ ಬಿಡಕ್ಕಾ, ನಾವೇನು ಕದ್ದಿದೀವಾ?" ಎನ್ನುತ್ತಿದ್ದಳು.

ಅವಳಿಗೊಂದು ವಿಚಿತ್ರ ಅಭ್ಯಾಸವಿತ್ತು. ಹಿಟ್ಟು ಬೀಸಿಸಲು ಬಂದ ಹೆಂಗಸರ ಸೊಂಟದ ಮೇಲೆ ಕೂಸಿದ್ದರೆ, ಹತ್ತಿರ ಹೋಗಿ ಅದರ ಕಿವಿಗೆ ಮೂಗು ಹಚ್ಚಿ ಮೂಸುತ್ತಿದ್ದಳು. ಮುದ್ದು ಮಾಡುತ್ತಿದ್ದಾಳೆಂದು ಹೊಸಬರು ನಗುತ್ತಿದ್ದರು. ಅವಳ ವಿಷಯ ಗೊತ್ತಿದ್ದವರು ಕೂಸನ್ನು ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಅವಳ ಮೊದಲ ಮಗ ಹುಟ್ಟಿದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಗುಂಡುಗುಂಡಾದ ಕೂಸು. ಅಂಬೆಗಾಲಿಡುವ ಹೊತ್ತಿಗೆ ಕಿವಿ ಸೋರತೊಡಗಿತು. ಕೀವಿನ ವಾಸನೆ. ಔಷಧಿ ಹಾಕಿದರೆ ನಿಲ್ಲುವುದು, ಬಿಟ್ಟರೆ ಮತ್ತೆ ಸೋರುವುದು. ಆಮೇಲೆ ಜ್ವರ, ಕಫ, ಉಬ್ಬಸ. ಒಂದು ವರ್ಷ ತುಂಬುವ ಮೊದಲೇ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೋಗಿಬಿಟ್ಟಿತು. ನ್ಯುಮೋನಿಯಾ ಎಂದರು. ಎರಡನೆಯದೂ ಗಂಡು. ಅದಕ್ಕೂ ಆರು ತಿಂಗಳವರೆಗೆ ಒಂದು ಸೀನೂ ಇಲ್ಲ. ಆಮೇಲೆ ಅದೇ ಕಿವಿ, ಅದೇ ಜ್ವರ. "ಇವಳ ಹಾಲಿನಾಗೆ ವಿಷ ಐತೆ" ಎಂದ ಅವಳ ಅತ್ತೆ ಕೂಸಿಗೆ ಮೊಲೆ ಬಿಡಿಸಿ ಹಸುವಿನ ಹಾಲು ಕುಡಿಸಿದರು. ಎದೆ ಕಟ್ಟಿಕೊಂಡು ಚಿಕ್ಕಮ್ಮ ಬಚ್ಚಲಿನಲ್ಲಿ ಹಾಲು ಹಿಂಡಿ ಚೆಲ್ಲುತ್ತಿದ್ದಳು. ಆ ಕೂಸೂ ಉಳಿಯಲಿಲ್ಲ.

ಮೂರನೆಯ ಮಗನ ಕಿವಿ ವಾಸನೆ ಬಂದ ದಿನ ಅವಳು ಯಾರನ್ನೂ ಕೇಳಲಿಲ್ಲ. ಗಿರಣಿ ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ದಾವಣಗೆರೆ ಬಸ್ಸು ಹತ್ತಿದಳು. ಅಲ್ಲಿನ ಮಕ್ಕಳ ಡಾಕ್ಟರು, ವಯಸ್ಸಾದ ಹೆಂಗಸು, ಮೊದಲ ಇಬ್ಬರ ವಿಷಯವನ್ನು ಪೂರ್ತಿ ಕೇಳಿಸಿಕೊಂಡರಂತೆ. ಟಾರ್ಚ್ ಬಿಟ್ಟು ಗಂಟಲು ನೋಡಿದರು. ಕುತ್ತಿಗೆ, ಕಂಕುಳು ಮುಟ್ಟಿ ಮುಟ್ಟಿ ನೋಡಿದರು. ಸೋಂಕಾದ ಮಕ್ಕಳಲ್ಲಿ ಊದಿಕೊಂಡು ಕೈಗೆ ಸಿಗಬೇಕಾದ ಗಂಟುಗಳು ಸಿಗಲಿಲ್ಲ. ರಕ್ತ ಬೆಂಗಳೂರಿಗೆ ಹೋಯಿತು.

ಫಲಿತಾಂಶ ಕೇಳಲು ಹೋಗುವಾಗ ಜೊತೆಗೆ ನನ್ನನ್ನು ಕರೆದುಕೊಂಡಳು. ನಾನಾಗ ಚನ್ನಗಿರಿಯಲ್ಲಿ ಪಿಯುಸಿ ಓದುತ್ತಿದ್ದೆ. ಡಾಕ್ಟರು ನಿಧಾನವಾಗಿ ಹೇಳಿದರು. ನಮ್ಮ ಮೂಳೆಯ ಮಜ್ಜೆಯಲ್ಲಿ ಬಿ ಕಣಗಳೆಂಬ ಬಿಳಿ ರಕ್ತಕಣಗಳು ಹುಟ್ಟುತ್ತವೆ. ಹಂತಹಂತವಾಗಿ ಬಲಿತು ರಕ್ತಕ್ಕೆ ಇಳಿಯುತ್ತವೆ. ಬಂದ ರೋಗಾಣುವನ್ನು ಗುರುತಿಸಿದ ಕಣ ತನ್ನಂಥವನ್ನೇ ಸಾವಿರಾರು ಹುಟ್ಟಿಸಿ, ಆ ರೋಗಾಣುವಿಗೆ ಅಂಟಿಕೊಂಡು ಅದನ್ನು ಸೋಲಿಸುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಕೆಲವು ಕಣಗಳು ಅದರ ನೆನಪು ಇಟ್ಟುಕೊಂಡು ವರ್ಷಗಟ್ಟಲೆ ಬದುಕುತ್ತವೆ. "ನಿಮ್ಮ ಮಗನಲ್ಲಿ ಈ ಕಣಗಳು ಹುಟ್ಟುತ್ತವೆ, ಆದರೆ ಬಲಿಯೋದಿಲ್ಲ. ಮಜ್ಜೆಯಲ್ಲೇ ಅರ್ಧಕ್ಕೆ ನಿಂತುಹೋಗುತ್ತವೆ. ರಕ್ತದಲ್ಲಿ ಹುಡುಕಿದರೆ ಒಂದೂ ಇಲ್ಲ ಅನ್ನೋ ಹಾಗೆ."

ಚಿಕ್ಕಮ್ಮ ಕೇಳಿದ್ದು ಒಂದೇ. "ಮತ್ತೆ ಆರು ತಿಂಗಳು ಹೆಂಗೆ ಚೆನ್ನಾಗಿದ್ವು ಮೇಡಂ, ಮೂರೂ?"

"ಹೊಟ್ಟೆಯಲ್ಲಿದ್ದಾಗ ನಿಮ್ಮ ರಕ್ತದ ಪ್ರತಿಕಾಯಗಳು ಅವರಿಗೆ ಹೋಗಿದ್ದವು. ಅವು ಕರಗೋವರೆಗೂ ನೀವೇ ಅವರನ್ನ ಕಾದಿರಿ."

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಇಬ್ಬರು ಮಕ್ಕಳು ಹೋದಾಗಲೂ ಅತ್ತೆಯ ಎದುರು ಅಳದವಳು ಅಲ್ಲಿ ಅತ್ತಳು. ಅವಳು ಸುಧಾರಿಸಿಕೊಂಡ ಮೇಲೆ ಡಾಕ್ಟರು ಉಳಿದದ್ದನ್ನೂ ಹೇಳಲೇಬೇಕಾಯಿತು. ಈ ಕೊರತೆ ಬರುವುದೂ ತಾಯಿಯಿಂದಲೇ. ಹೆಣ್ಣುಮಕ್ಕಳು ತಮಗೇನೂ ಆಗದೆ ಅದನ್ನು ಒಯ್ಯುತ್ತಾರೆ, ಗಂಡುಮಕ್ಕಳಲ್ಲಿ ಅದು ಕಾಣಿಸಿಕೊಳ್ಳಬಹುದು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಅಕ್ಕಪಕ್ಕದವರೆಲ್ಲ ತಿರುಗಿ ನೋಡುವಂತೆ ಹೇಳಿದಳು: "ಕಾದೋಳೂ ನಾನೇ, ಕೊಟ್ಟೋಳೂ ನಾನೇ ಕಣೇ."

ತಿಂಗಳಿಗೊಮ್ಮೆ ದಾವಣಗೆರೆಗೆ ಹೋಗಿ ಡ್ರಿಪ್ ಹಾಕಿಸಬೇಕಿತ್ತು. ಸಾವಿರಾರು ಜನ ಕೊಟ್ಟ ರಕ್ತದಿಂದ ತೆಗೆದ ಪ್ರತಿಕಾಯಗಳು. ಮಗ ಚಿಗುರಿಕೊಂಡ. ಒಂದನೇ ಕ್ಲಾಸು ಮುಗಿಸಿದ. ಆಮೇಲೆ ಕೊರೊನಾ ಬಂತು. ಬಸ್ಸುಗಳು ನಿಂತವು. ಬಾಡಿಗೆ ಗಾಡಿ ಮಾಡಿಕೊಂಡು ಹೋದರೂ ಔಷಧಿ ಬಂದಿಲ್ಲ ಎಂದರು. ಡ್ರಿಪ್ ತಪ್ಪಿತು, ಮರುತಿಂಗಳೂ ತಪ್ಪಿತು. ಹೊಟ್ಟೆ ಕೆಟ್ಟಂತೆ ಶುರುವಾದ ಸೋಂಕು ಮೆದುಳಿಗೆ ಏರಿತು. ಹುಡುಗ ಮೊದಲು ನಡಿಗೆ ಮರೆತ, ಆಮೇಲೆ ಮಾತು. ಕೊನೆಯ ವಾರಗಳಲ್ಲಿ ಅವಳ ಗುರುತೂ ಸಿಗುತ್ತಿರಲಿಲ್ಲ. ಮಣ್ಣಿಗೆ ಅವಳ ಮನೆಯವರೂ ನನ್ನ ಅಪ್ಪ ಅಮ್ಮನೂ ಬಿಟ್ಟರೆ ಬೇರೆ ಯಾರಿಗೂ ಬರಲಾಗಲಿಲ್ಲ.

ಮರುವರ್ಷ ನನಗೆ ಹೊನ್ನಾಳಿಯ ಸಂಬಂಧ ಕುದುರಿತು. ಸುದ್ದಿ ಕೇಳಿ ಚಿಕ್ಕಮ್ಮ ಚನ್ನಗಿರಿಯ ನಮ್ಮ ಮನೆಗೆ ಬಂದಳು. ಪಡಸಾಲೆಯಲ್ಲಿ ನಿಂತೇ ಹೇಳಿದಳು: "ಭಾವ, ಇವಳ ರಕ್ತ ಒಂದ್ಸಲ ಪರೀಕ್ಷೆ ಮಾಡಸ್ರಿ. ನನಗೆ ಬಂದಿದ್ದು ಅಕ್ಕಗೂ ಬಂದಿರಬೌದು, ಇವಳಿಗೂ ಇರಬೌದು."

ಅಪ್ಪ ಎದ್ದು ನಿಂತರು. "ಮದುವೆ ಮುರಿಯಾಕೆ ಬಂದಿದೀಯೇನು?"

"ಮುರಿಯಾಕಲ್ಲ. ಇವಳ ಕೂಸು ಉಳೀಲಿ ಅಂತ."

ಅಮ್ಮ ಒಳಗಿನಿಂದ ಬಂದು ತಂಗಿಯ ರಟ್ಟೆ ಹಿಡಿದು ಬಾಗಿಲವರೆಗೆ ಕರೆದೊಯ್ದಳು. ಮದುವೆಗೆ ಅವಳನ್ನು ಕರೆಯಲಿಲ್ಲ.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಅವಳು ಹೊನ್ನಾಳಿಗೇ ಬಂದಳು. ನಮ್ಮತ್ತೆಯ ಎದುರು, ನನ್ನ ಗಂಡನ ಎದುರು, ತನ್ನ ಮೂರು ಮಕ್ಕಳ ವಿಷಯವನ್ನು ಒಂದನ್ನೂ ಬಿಡದೆ ಹೇಳಿದಳು. ಅತ್ತೆಯ ಮುಖ ಕಪ್ಪಿಟ್ಟಿತು. "ನಿಮ್ಮನಿ ಪೀಡೆ ನಮ್ಮನಿಗೆ ಯಾಕೆ ತರ್ತೀರಿ? ಎದ್ದು ಹೋಗ್ರಿ" ಎಂದರು. ಚಿಕ್ಕಮ್ಮ ಎದ್ದು ಹೋಗಿ ಹೊರಗೆ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತಳು. "ನನ್ನ ಎಷ್ಟಾದ್ರೂ ಬೈರಿ. ಕೂಸು ಹುಟ್ಟಿದ ಗಳಿಗೆಗೆ ಹೊಕ್ಕಳಬಳ್ಳಿ ರಕ್ತ ಪರೀಕ್ಷೆಗೆ ಕಳಿಸ್ತೀವಿ ಅಂತ ಒಂದು ಮಾತು ಕೊಡ್ರಿ, ಹೋಗ್ತೀನಿ." ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಕೊನೆಗೆ ನನ್ನ ಗಂಡ ಹೊರಗೆ ಹೋಗಿ, "ಕಳಿಸ್ತೀನಿ, ಒಳಗೆ ಬರ್ರಿ" ಎಂದರು. ಅವಳು ಒಳಗೆ ಬರಲಿಲ್ಲ. ಕೈಮುಗಿದು ಬಸ್ಸಿಗೆ ಹೋದಳು.

ಗಂಡು ಹುಟ್ಟಿತು. ಬೆಂಗಳೂರಿನಿಂದ ಫಲಿತಾಂಶ ಬಂತು. ಬಿ ಕಣಗಳು ಇರಲಿಲ್ಲ. ಅದೇ ಡಾಕ್ಟರು, ಈಗ ಕೂದಲು ಪೂರ್ತಿ ಬಿಳಿಯಾದವರು, ನನ್ನ ಮಗನನ್ನು ಎತ್ತಿಕೊಂಡು ಹೇಳಿದರು: "ನಿನ್ನಿಂದ ಹೋದದ್ದು ಕರಗೋ ಮೊದಲೇ ಡ್ರಿಪ್ ಶುರು ಮಾಡೋಣ. ಇಷ್ಟು ಬೇಗ ಗೊತ್ತಾಗೋದು ಅಪರೂಪ."

ಆ ಹೊತ್ತಿಗೆ ಚಿಕ್ಕಮ್ಮನಿಗೆ ಕೆಮ್ಮು ಹತ್ತಿತ್ತು. ವರ್ಷಗಟ್ಟಲೆ ಎಳೆದುಕೊಂಡ ಹಿಟ್ಟಿನ ದೂಳು ಅವಳ ಶ್ವಾಸಕೋಶವನ್ನು ಕೆಡಿಸಿತ್ತು. ಒಮ್ಮೆ ಮಗುವನ್ನು ನೋಡಲು ಬಂದವಳು ಗೇಟಿನ ಆಚೆಯೇ ನಿಂತಳು. ನಾನು ಮಗನನ್ನು ಎತ್ತಿಕೊಂಡು ಹತ್ತಿರ ಹೋದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. "ಅಲ್ಲೇ ನಿಲ್ಲೇ. ನಂದೇನಾದ್ರೂ ಅವನಿಗೆ ತಗಲಿದ್ರೆ?" ಮಗ ಅವಳತ್ತ ಕೈ ಚಾಚಿದ. ಅವಳು ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕಣ್ಣ ತುಂಬ ನೋಡಿ ಹೋದಳು.

ಅವಳು ತೀರಿಕೊಂಡಳೆಂಬ ಸುದ್ದಿ ಬಂದಾಗ ಮಗನನ್ನು ಆ ಜನಜಂಗುಳಿಗೆ ಒಯ್ಯುವಂತಿರಲಿಲ್ಲ, ಬಿಟ್ಟು ಹೋಗುವಂತೆಯೂ ಇರಲಿಲ್ಲ. ಅಮ್ಮ ಹೋಗಿ ಬಂದಳು. ಕೆಲವು ದಿನಗಳ ಮೇಲೆ ನಮ್ಮಲ್ಲಿಗೆ ಬಂದು, ಮಲಗಿದ್ದ ಮೊಮ್ಮಗನ ಪಕ್ಕ ಕೂತಳು.

"ಅವಳು ಹೇಳಿದ್ದು ಸುಳ್ಳಾಗಿದ್ರೆ ಮಾತಾಡಿಸ್ತಿದ್ದೆನೇನೋ" ಎಂದಳು. "ಖರೇ ಆತು. ಅದಕ್ಕೇ ಅವಳ ಮುಖ ನೋಡಾಕೆ ಆಗ್ಲಿಲ್ಲ."

ನನ್ನ ಮಗ ಅವಳ ಮೊದಲ ಇಬ್ಬರು ಮಕ್ಕಳ ವಯಸ್ಸನ್ನು ದಾಟಿದ್ದಾನೆ. ಮೂರನೆಯವನ ವಯಸ್ಸು ಇನ್ನೂ ಮುಂದಿದೆ.