ನಾನು ಹುಟ್ಟಿಸಿದ ಬೇರಮ್ಮ

ತೊಂಬತ್ತರ ದಶಕದ ನಡುವಿನಲ್ಲಿ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿದ್ದಾಗ, ನಾನೊಬ್ಬ ದೇವಿಯನ್ನು ಹುಟ್ಟಿಸಿದೆ. ನನಗಾಗ ಹತ್ತೊಂಬತ್ತು. ಎಂಟು ವರ್ಷದ ತಂಗಿಗೆ ಜ್ವರ ಬಂದಿತ್ತು. ಅಮೃತಬಳ್ಳಿ ಕಷಾಯ ಕುಡಿಸಲು ಹೋದರೆ ಲೋಟವನ್ನೇ ತಳ್ಳುತ್ತಿದ್ದಳು. ಹಿತ್ತಲಲ್ಲಿದ್ದ ಆ ಬಳ್ಳಿಯ ಬುಡಕ್ಕೊಂದು ಕಲ್ಲು ನಿಲ್ಲಿಸಿ, ಕುಂಕುಮ ಹಚ್ಚಿ, "ಇವಳು ಬೇರಮ್ಮ. ಔಷಧಿ ಗಿಡಕ್ಕೆಲ್ಲ ಇವಳೇ ಒಡತಿ. ಮುಖ ಸಿಂಡರಿಸ್ದೆ ಕುಡಿದ್ರೆ ಕಾಯಿಲೇನ ತಾನೇ ತಗೊಂಡ್ಬಿಡ್ತಾಳೆ" ಎಂದೆ. ತಂಗಿ ಕಣ್ಣು ಮುಚ್ಚಿ ಗಟಗಟ ಕುಡಿದಳು.

ಸುಮ್ಮನಿರದೆ ಶಾಲೆಯಲ್ಲೂ ಹೇಳಿದಳು. ಮುಂದಿನ ಮಂಗಳವಾರ ಇಬ್ಬರು ಹೆಂಗಸರು ಅರಿಶಿನ ಹಿಡಿದು ಬಂದರು, ಅದರ ಮುಂದಿನ ವಾರ ಆರು ಮಂದಿ. ಕೆಮ್ಮಿಗೆ, ಮೈಕೈ ನೋವಿಗೆ ಎಲೆ ಕೇಳಿದರು.

"ಎಂಥಾ ಆಟ ಹೂಡಿದ್ಯೇ ಮಾರಾಯ್ತಿ! ನಿಜ ಹೇಳ್ಬಿಡು" ಎಂದು ಅಮ್ಮ ಗದರಿದಳು. ನಾನು ಹೇಳಲಿಲ್ಲ. ದೊಡ್ಡವರು ನನ್ನ ಮುಂದೆ ಕೈಯೊಡ್ಡುವುದು ಹಿತವಾಗಿತ್ತು.

ಒಂದು ಮಧ್ಯಾಹ್ನ ಹಿಂದಿನ ಸಾಲಿನ ತಮಿಳು ಅಕ್ಕ ಬಂದಳು. ಅಮ್ಮ ಶಿವಮೊಗ್ಗದ ಕೋಟೆ ಹತ್ತಿರವಿದ್ದ ಅತ್ತೆಯ ಮನೆಗೆ ಹೋಗಿದ್ದಳು, ಅಕ್ಕನ ಗಂಡ ಶಿಫ್ಟಿಗೆ. ಅವಳ ಸೆರಗಿನೊಳಗೆ ಆರು ತಿಂಗಳ ಮಗು.

"ನಿನ್ನೆಯಿಂದ ಭೇದಿ ನಿಲ್ತಿಲ್ಲಮ್ಮ. ನಿಮ್ಮ ಬಳ್ಳಿ ಎಲೆ ತಗೊಂಡೋಗಿ ರಸ ಹಾಕ್ದೆ. ಇವತ್ತು ನೀನೇ ನಿನ್ ಕೈಯಿಂದ ಕೊಡು."

ಸೆರಗು ಸರಿಸಿ ನೋಡಿದೆ. ನೆತ್ತಿ ಕುಳಿಬಿದ್ದಿತ್ತು. ಮಗು ಅಳುವಂತೆ ಬಾಯಿ ತೆರೆಯಿತು. ದನಿಯೂ ಇಲ್ಲ, ಕಣ್ಣೀರೂ ಇಲ್ಲ.

"ಅಕ್ಕಾ, ಬೇರಮ್ಮ ಅಂತ ಯಾವ ದೇವ್ರೂ ಇಲ್ಲ. ತಂಗೀಗೆ ಕಷಾಯ ಕುಡಿಸೋಕೆ ನಾನೇ ಕಟ್ಟಿದ ಕಥೆ. ಮೊದ್ಲು ಆಸ್ಪತ್ರೆಗೆ ಎತ್ಕೊಂಡು ಹೋಗು."

"ದೇವ್ರನ್ನ ಹಂಗನ್ಬೇಡ!" ಎಂದು ಬಳ್ಳಿಯ ಮುಂದೆ ಕುಳಿತೇಬಿಟ್ಟಳು. ಕೈ ಹಿಡಿದೆಳೆದೆ, ಏಳಲಿಲ್ಲ. ಬೈದೆ, ಅತ್ತುಬಿಟ್ಟೆ. ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುವುದು ಕಂಡಿತು. ಬೇರೆ ದಾರಿ ಹೊಳೆಯದೆ ಕಲ್ಲಿನ ಮೇಲೆ ಕೈಯಿಟ್ಟು ಹೇಳಿದೆ: "ಅಮ್ಮನ ಅಪ್ಪಣೆ ಆಗಿದೆ. ಈಗ್ಲೇ ಡಾಕ್ಟ್ರ ಹತ್ರ ಹೋಗ್ಬೇಕಂತೆ. ನಾನೂ ಬರ್ತೀನಿ."

ಅಕ್ಕ ಎದ್ದಳು.

ಆಟೋದಲ್ಲಿ ನನ್ನ ರಟ್ಟೆಯನ್ನು ಉಗುರು ಇಳಿಯುವಂತೆ ಹಿಡಿದಿದ್ದಳು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಮುಗಿಯುತ್ತಲೇ ಇರಲಿಲ್ಲ. ನಾನು ಮಗುವಿನ ಎದೆಯ ಮೇಲೆ ಅಂಗೈಯಿಟ್ಟು ಉಸಿರು ನೋಡುತ್ತ ಕುಳಿತೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಏನು ಕೊಟ್ರಿ?" ಅಕ್ಕ ನನ್ನ ಮುಖ ನೋಡಿದಳು.

"ಅಮೃತಬಳ್ಳಿ ರಸ. ನಮ್ಮ ಹಿತ್ಲಿಂದು" ಎಂದೆ.

"ಇಷ್ಟು ಸಣ್ಣ ಮಗೂಗಾ? ಓದಿದ ಹುಡುಗಿ ಅಲ್ವೇನಮ್ಮ ನೀನು?"

ಕೈಯಲ್ಲಿ ನರ ಸಿಗದೆ ಮಗುವಿನ ಹಣೆಯ ಪಕ್ಕಕ್ಕೆ ಸೂಜಿ ಚುಚ್ಚಿದರು. ಗ್ಲೂಕೋಸ್ ಹನಿ ಹನಿಯಾಗಿ ಇಳಿಯಿತು. ಎರಡು ತಾಸಾದ ಮೇಲೆ ಮಗು ಉಚ್ಚೆ ಹೊಯ್ದಿತು. ನರ್ಸ್ ಮೊದಲ ಸಲ ನಕ್ಕರು. ಅದುವರೆಗೂ ಗೋಡೆಗೊರಗಿ ನಿಂತಿದ್ದ ನಾನು ಒದ್ದೆ ಬಟ್ಟೆ ಬದಲಿಸಲು ಹೋದೆ.

ಮೂರನೆಯ ದಿನ ಮಗು ಮನೆಗೆ ಬಂತು. ಅಕ್ಕನ ಮನೆಗೆ ಹೋಗಿ ತಲೆ ತಗ್ಗಿಸಿ ಮತ್ತೆ ನಿಜ ಹೇಳಿದೆ: ಅಪ್ಪಣೆಯೂ ಸುಳ್ಳು.

"ಗೊತ್ತು," ಎಂದಳು. "ಬಳ್ಳಿ ಹತ್ರ ನೀ ಅತ್ತಾಗ್ಲೇ ಗೊತ್ತಾಯ್ತು. ನನ್ ಮೊದಲ್ನೇ ಮಗೂನ ಆಸ್ಪತ್ರೆಗೆ ಎತ್ಕೊಂಡೋದೋಳು ಬರೀ ಕೈಲಿ ಬಂದೆ. ಒಬ್ಳೇ ಹೋಗಿದ್ದೆ ಆವತ್ತು. ನೀನೂ ಬರ್ತೀನಿ ಅಂದ್ಯಲ್ಲ, ಅದಕ್ಕೇ ಎದ್ದೆ."

ಮರುದಿನ ಮನೆಮನೆಗೂ ಹೋಗಿ ಹೇಳಿದೆ. ಕೆಲವರು ಬೈದರು, ಕೆಲವರು ನಕ್ಕರು. ಇಬ್ಬರು ನಂಬಲೇ ಇಲ್ಲ. ಮಂಗಳವಾರ ಬಂದು ಅರಿಶಿನವಿಟ್ಟೇ ಹೋದರು. ಅವರನ್ನು ತಡೆಯಲಿಲ್ಲ. ಎಲೆ ಮಾತ್ರ ಕೊಡಲಿಲ್ಲ.