ಮಿರ್ಯಾಳ ಐದು ಗುರಿಗಳು

ಫಿನ್‌ಲೆಂಡಿನ ಕೈನೂ ಸೀಮೆಯ ಆ ಹಳ್ಳಿಯಲ್ಲಿ ಯಾರದಾದರೂ ಗುಂಡು ತಗುಲಿದ ಮೂಸ್ ಬೀಳದೆ ಕಾಡಿನೊಳಗೆ ಓಡಿಹೋಯಿತೆಂದರೆ ಮೊದಲು ಫೋನ್ ಹೋಗುತ್ತಿದ್ದುದು ಮಿರ್ಯಾ ಹುಲ್ಕೊನೆನ್‌ಗೆ. ಐವತ್ತೆಂಟು ವರ್ಷದ ಮಿರ್ಯಾ ಶಾಲೆಯ ಬಸ್ಸಿನ ಡ್ರೈವರು. ಮಕ್ಕಳನ್ನೆಲ್ಲ ಮನೆಮನೆಗೆ ಇಳಿಸಿ ಬಂದವಳೇ ಪೇನಿ ಎಂಬ ತನ್ನ ಬೂದು ನಾಯಿಯನ್ನು ಹಗ್ಗಕ್ಕೆ ಕಟ್ಟಿಕೊಂಡು ರಕ್ತದ ಜಾಡು ಹಿಡಿದು ಹೊರಡುತ್ತಿದ್ದಳು. ಕಡವೆಯ ಜಾತಿಯ, ಕುದುರೆಗಿಂತ ಎತ್ತರದ ಆ ಪ್ರಾಣಿ ಜೌಗಿನ ಆಚೆ ಎಲ್ಲೋ ನರಳುತ್ತ ಬಿದ್ದಿರುತ್ತದೆ. ಅದನ್ನು ಹುಡುಕಿ, ಅದರ ನೋವು ಮುಗಿಸುವವರೆಗೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ವರ್ಷ ಶರತ್ಕಾಲದ ಬೇಟೆಯಲ್ಲಿ ಹೀಗೆ ಮೂರು ಸಲ ಆಯಿತು. ಮೂರನೆಯದು ತೈಸ್ತೊ ಓಕೊನೆನ್ ಹೊಡೆದದ್ದು. ಅದಕ್ಕಾಗಿ ಅವಳು ಎರಡು ದಿನ ಜೌಗು ತುಳಿದಳು. ಈ ತೈಸ್ತೊ ಬೇಟೆಗಾರರ ಸಂಘದ ಗುರಿ ಸ್ಪರ್ಧೆಯಲ್ಲಿ ಒಂಬತ್ತು ಸಲ ಗೆದ್ದವನು. ಗೆದ್ದವರಿಗೆ ಕೊಡುವ ಕಪ್ ಅವನ ಮನೆ ಬಿಟ್ಟು ಕದಲದ್ದರಿಂದ ಅವನ ಹೆಂಡತಿ ಅದರಲ್ಲಿ ಹೆಣಿಗೆ ಕಡ್ಡಿಗಳನ್ನು ಇಡಲು ಶುರುಮಾಡಿದ್ದಳು. ಸ್ಪರ್ಧೆಯೆಂದರೆ ಮೇಜಿನ ಮೇಲೆ ಮರಳಿನ ಚೀಲ, ಚೀಲದ ಮೇಲೆ ಕೋವಿ, ನೂರು ಮೀಟರ್ ಆಚೆ ದುಂಡನೆಯ ಕಾಗದ. ಬೇಕಾದಷ್ಟು ಹೊತ್ತು ತೆಗೆದುಕೊಂಡು ಹೊಡೆಯಬಹುದು.

ವಸಂತದ ಸಭೆಯಲ್ಲಿ ಮಿರ್ಯಾ ಎದ್ದು ನಿಂತಳು. "ಕಾಡಲ್ಲಿ ಮೂಸ್ ನಿಮಗೆ ಮೇಜು ಹಾಕ್ಕೊಟ್ಟು ಕಾಯುತ್ತಾ? ಸ್ಪರ್ಧೆ ಅಂದ್ರೆ ಬೇಟೆ ಇದ್ದ ಹಾಗೆ ಇರ್ಬೇಕು."

ಅಧ್ಯಕ್ಷ ಉರ್ಪೊಗೆ ಯಾವ ತೀರ್ಮಾನವನ್ನಾದರೂ ಬೇರೆಯವರ ತಲೆಗೆ ಕಟ್ಟುವುದೆಂದರೆ ಪ್ರೀತಿ. ಹಾಗಾದರೆ ನೀನೇ ಮಾಡು ಎಂದುಬಿಟ್ಟ.

"ಮಾಡ್ಲಿ ಬಿಡು," ಎಂದ ತೈಸ್ತೊ. "ಕೊನೆಗೆ ನಮ್ಮನ್ನೂ ಬಸ್ಸಿನ ಮಕ್ಕಳ ಥರ ಸಾಲಾಗಿ ನಿಲ್ಲಿಸ್ತಾಳೆ, ನೋಡ್ತಿರು."

ಬೇಸಿಗೆ ರಜೆ ಬಂತು, ಬಸ್ಸು ಶೆಡ್ಡು ಸೇರಿತು. ಊರಾಚೆ ಹಿಂದೆಂದೋ ಮರಳು ತೆಗೆದು ಬಿಟ್ಟ ದೊಡ್ಡ ಗುಂಡಿಯೊಂದಿತ್ತು, ಮೂರು ಕಡೆಯೂ ದಿಬ್ಬ. ಮಿರ್ಯಾ ದಿನವೂ ಅಲ್ಲಿಗೆ ಹೋದಳು. ಗಂಡ ವೈಕ್ಕೊ ಪ್ಲೈವುಡ್ಡಿನಲ್ಲಿ ಮೂಸ್‌ಗಳನ್ನು ಕತ್ತರಿಸಿಕೊಟ್ಟ. ಮೊದಲನೆಯದು ಥೇಟ್ ಹಸುವಿನಂತಿದೆ ಎಂದು ಅವಳು ನಕ್ಕಳು. ಮುಸ್ಸಂಜೆಯಲ್ಲಿ ಮೂಸ್ ಕೂಡ ಹಸುವಿನಂತೆಯೇ ಕಾಣುವುದೆಂದು ಅವನು ಸಾಧಿಸಿದ, ಆದರೂ ಕೊಂಬನ್ನು ತಿದ್ದಿದ.

ಮೊದಲ ಗುರಿಗೆ ಮರದ ಬೊಡ್ಡೆಗೆ ಒರಗಿ ಹೊಡೆಯಬೇಕು. ಎರಡನೆಯದಕ್ಕೆ ಮಂಡಿಯೂರಿ. ಮೂರನೆಯದಕ್ಕೆ ಏರು ಹತ್ತಿ ಬಂದು, ಏದುಸಿರು ನಿಲ್ಲುವ ಮೊದಲೇ ನಿಂತು ಹೊಡೆಯಬೇಕು. ಅದು ಎಷ್ಟು ದೂರದಲ್ಲಿದೆಯೆಂದು ಯಾರೂ ಹೇಳುವುದಿಲ್ಲ. ನನ್ನ ಕೈಗೆ ಇದು ದೂರವಾಯಿತು ಎನ್ನಿಸಿದವರು ಹಾಗೆಂದು ಹೇಳಿ ಕೋವಿ ಇಳಿಸಿದರೆ ಅರ್ಧ ಅಂಕ. ಕೊನೆಯದು ಹಗ್ಗದ ಮೇಲೆ ಸರಿದುಹೋಗುವ ಮೂಸ್. ನಾಲ್ಕನೆಯದು ಮಾತ್ರ ಅವಳಿಗೆ ಹೊಳೆಯಲೇ ಇಲ್ಲ.

ಗುರಿ ನೆಟ್ಟಾಗಲೆಲ್ಲ ಅವಳು ಅದರ ಹಿಂದಕ್ಕೂ ಹೋಗಿ ನೋಡುತ್ತಿದ್ದಳು. ಮೂರನೆಯದರ ಹಿಂದೆ ದಿಬ್ಬ ಸ್ವಲ್ಪ ತಗ್ಗಾಗಿತ್ತು. ಅಂಬೆಗಾಲಿನಲ್ಲಿ ಅದನ್ನು ಹತ್ತಿ ಆಚೆ ಇಣುಕಿದರೆ, ಹತ್ತು ಹೆಜ್ಜೆಯಲ್ಲಿ ನಿವೃತ್ತ ಸೂಲಗಿತ್ತಿ ಸೈಮಿ ಬಕೆಟ್ ಇಟ್ಟುಕೊಂಡು ಬ್ಲೂಬೆರಿ ಕೀಳುತ್ತ ಕೂತಿದ್ದಳು.

"ಇಪ್ಪತ್ತು ವರ್ಷದಿಂದ ಇಲ್ಲೇ ಹಣ್ಣು ಕೀಳ್ತಿದೀನಿ," ಎಂದಳು ಸೈಮಿ. "ಹೀಗೆ ತೆವಳ್ಕೊಂಡು ಬಂದವಳು ನೀನೊಬ್ಬಳೇ."

ಮಿರ್ಯಾ ಅವತ್ತೇ ಆ ಗುರಿಯನ್ನು ಕಿತ್ತು, ಎಲ್ಲಕ್ಕಿಂತ ಎತ್ತರದ ದಿಬ್ಬದ ಬುಡಕ್ಕೆ ತಂದು ನೆಟ್ಟಳು. ನಾಲ್ಕನೆಯದು ಏನಾಗಬೇಕೆಂಬುದೂ ಅವತ್ತೇ ತಿಳಿಯಿತು. ಕಾಡಿನಲ್ಲಿ ಬೇಟೆಗಾರರ ಕಣ್ಣಿಗೆ ಬೀಳಲೆಂದು ಸೈಮಿ ಹಾಕುತ್ತಿದ್ದ ಹಳೆಯ ಕಿತ್ತಳೆ ಬಣ್ಣದ ಟೋಪಿಯನ್ನು ಕೇಳಿ ಪಡೆದಳು. ತೂತು ಬಿದ್ದರೆ ಹೊಸದು ಕೊಡಿಸಬೇಕೆಂದು ಸೈಮಿ ಕರಾರು ಹಾಕಿಯೇ ಕೊಟ್ಟಳು.

ಸೆಪ್ಟೆಂಬರಿನ ಮೊದಲ ಶನಿವಾರ ಇಪ್ಪತ್ಮೂರು ಜನ ಸೇರಿದರು. ತೈಸ್ತೊ ಅಂದಂತೆಯೇ ಆಯಿತು, ಮಿರ್ಯಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಗುಂಡಿಗೆ ಇಳಿಯುವುದು ಒಬ್ಬೊಬ್ಬರೇ. ಹೊಡೆಯುವ ಜಾಗ ಮುಟ್ಟುವವರೆಗೆ ಕೋವಿಯ ಬೋಲ್ಟ್ ಕಳಚಿ ಜೇಬಿನಲ್ಲಿರಬೇಕು, ಅದಿಲ್ಲದೆ ಗುಂಡು ಹಾರದು. ತೋಟಾ ಅವಳ ಕೈಯಿಂದಲೇ, ಒಂದು ಸಲಕ್ಕೆ ಒಂದು. ಎದುರಿನ ಎರಡು ಬಿಳಿ ಗೂಟಗಳ ಆಚೆ ನಳಿಗೆ ತಿರುಗಿತೋ, ಅವತ್ತಿಗೆ ಅವರ ಆಟ ಮುಗಿಯಿತು. ಗುಂಡಿಗೆ ಬರುವ ಎರಡೂ ದಾರಿಗಳಲ್ಲಿ ಕಾವಲು. ಹಣ್ಣು ಕೀಳುವವರ ಕಾಲುದಾರಿಯಲ್ಲಿ ಕಾಫಿ ಫ್ಲಾಸ್ಕು ಹಿಡಿದು ಸೈಮಿಯೇ ಕುಳಿತಿದ್ದಳು.

ಏರು ಹತ್ತಿ ಬಂದ ಉರ್ಪೊ ಕೋವಿಯನ್ನು ಎತ್ತಲೇ ಆಗದೆ, ದೂರವಾಯಿತು ಎಂದು ಕೈಸನ್ನೆಯಲ್ಲೇ ಹೇಳಿ ಅರ್ಧ ಅಂಕ ಪಡೆದ. ತೈಸ್ತೊ ಮೂರಕ್ಕೆ ಮೂರೂ ಹೊಡೆದ. ನಾಲ್ಕನೆಯ ಜಾಗದಲ್ಲಿ ಸ್ಪ್ರೂಸ್ ಮರಗಳ ನಡುವೆ ಮೂಸ್‌ನ ಎದೆ, ಕುತ್ತಿಗೆ ಕಾಣುತ್ತಿತ್ತು. ಇಪ್ಪತ್ತು ಸೆಕೆಂಡು ಕಾಲ. ಅವನಿಗೆ ಎಂಟೇ ಸಾಕಾಯಿತು.

"ಬೋಲ್ಟ್ ತೆಗಿ. ಬಾ, ನೋಡೋಣ," ಎಂದಳು ಮಿರ್ಯಾ.

ಗುಂಡು ಸರಿಯಾಗಿ ಹೃದಯದ ಜಾಗಕ್ಕೇ ಬಿದ್ದಿತ್ತು. ಅದರ ಹಿಂದೆ, ಕೊಂಬೆಗಳ ನಡುವೆ ನೆಟ್ಟ ಕೋಲಿನಿಂದ ಕಿತ್ತಳೆ ಟೋಪಿ ಕೆಳಗೆ ಬಿದ್ದಿತ್ತು. ಗುಂಡು ಅದನ್ನೂ ತೂರಿ ದಿಬ್ಬದ ಮರಳಿಗೆ ಹೊಕ್ಕಿತ್ತು. ತೈಸ್ತೊ ಟೋಪಿಯನ್ನು ಎತ್ತಿಕೊಂಡು ತಿರುಗಿಸಿ ನೋಡಿದ.

"ಹಿಂದೆ ಟೋಪಿ ಇದೆ ಅಂತ ನೀನು ಹೇಳ್ಲಿಲ್ಲ."

"ಸೈಮಿ ಕಾಡಿಗೆ ಹೋಗುವಾಗ ನಿಂಗೆ ಹೇಳಿ ಹೋಗ್ತಾಳಾ?"

ಅವನು ಟೋಪಿಯನ್ನು ಮತ್ತೆ ಕೋಲಿಗೆ ಸಿಕ್ಕಿಸಿದ. ಐದನೆಯದಕ್ಕೆ ನಿಲ್ಲದೆ ಕಾರಿಗೆ ಹೋಗಿ ಕೂತ. ಹೋಗಿ ಮಾತಾಡಿಸಲೇ ಎಂದು ಮಿರ್ಯಾಳಿಗೆ ಅನ್ನಿಸಿತು. ಇನ್ನೂ ಏಳು ಜನ ಬಾಕಿಯಿದ್ದರು, ಬಿಟ್ಟು ಹೋಗುವಂತಿರಲಿಲ್ಲ. ಆ ದಿನ ಟೋಪಿ ಕಾಣದೆ ಹೊಡೆದವರು ಒಟ್ಟು ಒಂಬತ್ತು ಜನ, ನಾಲ್ಕನೆಯದರ ಅಂಕ ಹೊಡೆಯದೆ ಬಿಟ್ಟವರಿಗೆ ಮಾತ್ರ. ಗೆದ್ದವಳು ಹಲ್ಲಿನ ಡಾಕ್ಟರ ಸಹಾಯಕಿ ತುಯಿಯಾ, ಬೇಟೆ ಕಲಿತು ಎರಡೇ ವರ್ಷವಾಗಿತ್ತು. ಅವಳು ಮೂರನೆಯದನ್ನು ದೂರವೆಂದು ಬಿಟ್ಟಿದ್ದಳು, ನಾಲ್ಕನೆಯದಕ್ಕೆ ಬೇಡವೆಂದು ತಲೆಯಾಡಿಸಿ ತೋಟಾ ವಾಪಸು ಕೊಟ್ಟಿದ್ದಳು, ಉಳಿದ ಮೂರನ್ನೂ ಅಚ್ಚುಕಟ್ಟಾಗಿ ಹೊಡೆದಿದ್ದಳು.

ಸಾಸೇಜು ಸುಡುವ ಹೊತ್ತಿಗೆ ತೈಸ್ತೊ ಕಾರಿನಿಂದ ಇಳಿದು, ಕೋಲಿನಿಂದ ಟೋಪಿ ತೆಗೆದುಕೊಂಡು ನೇರ ಸೈಮಿಯ ಬಳಿ ಹೋದ. ಟೋಪಿಯನ್ನು ಅವಳ ಕೈಗಿಟ್ಟು, ತೂತು ಮಾಡಿದ್ದು ತಾನೆಂದು ಹೇಳಿದ. ಸೈಮಿ ತೂತಿನಲ್ಲಿ ಬೆರಳು ತೂರಿಸಿ ಆಡಿಸಿದಳು. "ಒಳಗೆ ನಾನಿರ್ಲಿಲ್ವಲ್ಲ, ಬಿಡು. ಹೊಸದು ಉಣ್ಣೇದಾಗಿರ್ಲಿ."

ಸುತ್ತಲಿದ್ದವರು ನಕ್ಕರು. ತೈಸ್ತೊ ನಗಲಿಲ್ಲ. ತಟ್ಟೆ ಹಿಡಿದು ಬಂದು ಮಿರ್ಯಾಳ ಪಕ್ಕದ ದಿಮ್ಮಿಯ ಮೇಲೆ ಕೂತ.

"ಹೋದ ವರ್ಷದ ಆ ಮೂಸ್," ಎಂದ. "ನಂಗೆ ಕಂಡಿದ್ದು ಬರೀ ಕೊಂಬು. ಆತುರಪಟ್ಟೆ. ನೀನು ಎರಡು ದಿನ ಅಲೆದೆ, ನಾನು ಗಾಳಿ ಜೋರಿತ್ತು ಅಂತ ಹೇಳ್ಕೊಂಡು ತಿರುಗಿದೆ."

"ಗಾಳಿ ಇರ್ಲಿಲ್ಲ ಅಂತ ನಂಗೂ ಗೊತ್ತಿತ್ತು," ಎಂದಳು ಮಿರ್ಯಾ. ಸಾಸಿವೆಯ ಬಾಟಲಿಯನ್ನು ಅವನತ್ತ ಸರಿಸಿದಳು.

ಮರುವರ್ಷ ಅಕ್ಕಪಕ್ಕದ ಮೂರು ಸಂಘಗಳು ತಮ್ಮಲ್ಲೂ ಇಂಥ ಸ್ಪರ್ಧೆ ಏರ್ಪಡಿಸಲು ಅವಳನ್ನು ಕರೆದವು. ಅಳತೆಯ ಪಟ್ಟಿ ಹಿಡಿಯಲು ತೈಸ್ತೊ ತಾನೇ ಜೊತೆಗೆ ಬಂದ. ಗೂಟ ಒಂದು ಗೇಣು ಆಚೆ ಹೋದರೂ ಅವಳಿಗಿಂತ ಹೆಚ್ಚು ಜಗಳವಾಡುತ್ತಿದ್ದವನು ಅವನೇ. ಒಂದೂರಿನ ಅಧ್ಯಕ್ಷ ತಮ್ಮ ದಿಬ್ಬ ಬೇಕಾದಷ್ಟು ಎತ್ತರವಿದೆ, ನೋಡುವುದೇ ಬೇಡ, ಮೊದಲು ಕಾಫಿ ಕುಡಿಯೋಣ ಎಂದ. ಅಷ್ಟರಲ್ಲಿ ತೈಸ್ತೊ ಅರ್ಧ ಹತ್ತಿಯಾಗಿತ್ತು. ಪ್ಯಾಂಟು ಹರಿದುಕೊಂಡು ಇಳಿದು ಬಂದವನು, ಆಚೆ ಯಾರದೋ ಸೌನಾ, ಉಗಿಸ್ನಾನದ ಮನೆ ಇದೆ, ಹೊಗೆ ಬರುತ್ತಿದೆ, ಒಳಗೆ ಜನ ಇದ್ದಾರೆ ಎಂದ. ಮಿರ್ಯಾ ಗೂಟಗಳನ್ನು ಕಿತ್ತು ಕಾರಿಗೆ ತುಂಬಿದಳು. ಇಬ್ಬರೂ ಬೇರೆ ಗುಂಡಿ ಹುಡುಕಿಕೊಂಡು ಹೊರಟರು.